ಲಾಂಡ್ರಿಯ ಹಿಂದಿನ ಕೋಣೆಯ ಹಾಡು

ಡೆಟ್ರಾಯಿಟ್‌ನ ಪೂರ್ವ ಭಾಗದಲ್ಲಿ, ಅರ್ಧ ಮನೆಗಳು ಬಿದ್ದು ಇನ್ನರ್ಧ ಹಟಕ್ಕೆ ನಿಂತಿರುವ ಒಂದು ಬೀದಿಯ ಕೊನೆಗೆ ಇಟ್ಟಿಗೆಯ ಬ್ಯಾಪ್ಟಿಸ್ಟ್ ಚರ್ಚೊಂದಿದೆ. ಭಾನುವಾರ ಅಲ್ಲಿಗೆ ತಡವಾಗಿ ಬರುವವರು ದೇವರಿಗೆ ಅಷ್ಟಾಗಿ ಹೆದರುತ್ತಿರಲಿಲ್ಲ, ಬಾಗಿಲ ಸೇವೆಗೆ ನಿಂತಿರುತ್ತಿದ್ದ ವರ್ನೆಲ್ ಟಾಲ್ಬರ್ಟಳಿಗೆ ಹೆದರುತ್ತಿದ್ದರು. ಬಿಳಿ ಉಡುಪು, ಬಿಳಿ ಕೈಗವಸು, ಎಡಗೈ ಬೆನ್ನ ಹಿಂದೆ. ಪ್ರಾರ್ಥನೆ ನಡೆಯುತ್ತಿರುವಾಗ ಅವಳು ಅಂಗೈ ಅಡ್ಡ ಹಿಡಿದಳೆಂದರೆ ಮೇಯರೇ ಬಂದರೂ ಹೊರಗೆ ನಿಲ್ಲಬೇಕು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಡಿಸಿದ ಕೈ ಅದು. ಅದಕ್ಕೆ ಎದುರಾಡುವ ಧೈರ್ಯ ಪಾದ್ರಿಗೂ ಇರಲಿಲ್ಲ.

ಇಡೀ ಬೀದಿಗೆ ಗೊತ್ತಿದ್ದ ಈ ಹೆಂಗಸಿನ ಹೊಟ್ಟೆಯೊಳಗೆ ಯಾರಿಗೂ ಗೊತ್ತಿಲ್ಲದ ಒಂದು ಆಸೆ ಇತ್ತು. ಸತ್ತುಹೋದ ಅಣ್ಣ ಲೂಷಸ್‌ನ ದನಿಯನ್ನು ಇನ್ನೊಂದು ಸಲ ಕೇಳಬೇಕು, ಅಷ್ಟೇ. ಅವನ ಮುಖ ಬೇಕೆಂದರೆ ಗೋಡೆಯ ಮೇಲೆ ಫೋಟೋ ಇತ್ತು. ಅವನ ಟೋಪಿ, ಅವನ ಕೈಗಡಿಯಾರ ಎಲ್ಲ ಪೆಟ್ಟಿಗೆಯಲ್ಲಿದ್ದವು. ದನಿಯನ್ನು ಮಾತ್ರ ಎಲ್ಲಿಂದ ತರುವುದು? ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ‘ನೆಲ್, ಏ ನೆಲ್’ ಎಂದು ಅವನು ಕರೆದ ಹಾಗೆ ಆಗುತ್ತಿತ್ತು. ಆ ಕರೆಯನ್ನು ಅವಳು ಬಂಗಾರ ಕಾದಂತೆ ಕಾದುಕೊಂಡಿದ್ದಳು. ಗಂಡ ರಾಸ್ಕೋ ಬದುಕಿದ್ದಾಗ ಅವನಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವನು, ಒಳ್ಳೆಯ ಮನುಷ್ಯ, ವೈದ್ಯರ ಹತ್ತಿರ ಹೋಗೋಣ ಅನ್ನುತ್ತಿದ್ದ.

ವರ್ನೆಲ್‌ಳ ತವರಿನ ಗೇದರ್ಸ್ ಮನೆಯವರು, ಕಪ್ಪು ಜನ, ದಕ್ಷಿಣದ ಅಲಬಾಮಾದ ಹತ್ತಿ ಹೊಲಗಳನ್ನು ಬಿಟ್ಟು ಬಂದವರು. ಅಪ್ಪ ಎರಕದ ಕಾರ್ಖಾನೆಗೆ ಸೇರಿದ, ಮೀಸೆ ಮೂಡಿದ ಮೇಲೆ ಮಗನೂ ಅಲ್ಲಿಗೇ ಸೇರಿದ. ಅಮ್ಮ ಚರ್ಚಿನ ಮುಂದಿನ ಸಾಲಿನ ಹಿರಿಯಳು. ಅವಳ ಮನೆಯಲ್ಲಿ ದೇವರ ಹಾಡು ಬಿಟ್ಟು ಬೇರೆ ಹಾಡಿಗೆ ಜಾಗವಿರಲಿಲ್ಲ. ಲೂಷಸ್ ಚರ್ಚಿನ ಮೇಳದಲ್ಲಿ ಹಾಡುತ್ತಿದ್ದ, ಚೆನ್ನಾಗಿಯೇ ಹಾಡುತ್ತಿದ್ದ. ಆದರೆ ಅವನ ಗಂಟಲಿಗೆ ಬೇಕಾಗಿದ್ದದ್ದು ಬೇರೆ. ಹುಡುಗಿಯರ ಮೇಲಿನ ಹಾಡು, ಬಿಟ್ಟುಹೋದವಳ ಹಾಡು, ಬಾ ಎಂದು ಬೇಡುವ ಹಾಡು. ಸ್ನಾನದ ಮನೆಯಲ್ಲಿ ನಲ್ಲಿ ಪೂರ್ತಿ ತಿರುಗಿಸಿಟ್ಟು ಅವನ್ನು ಹಾಡಿಕೊಳ್ಳುತ್ತಿದ್ದ. ಹಾಡು ಕೇಳಿಸದ ಅಮ್ಮ, ನೀರು ಇಷ್ಟು ಯಾಕೆ ಖರ್ಚಾಗುತ್ತದೆ ಎಂದು ಬೈಯುತ್ತಿದ್ದಳು.

ಆ ಕಾಲದ ಡೆಟ್ರಾಯಿಟ್‌ನಲ್ಲಿ ಬೀದಿಗೊಬ್ಬ ಹಾಡುಗಾರ, ಓಣಿಗೊಂದು ರೆಕಾರ್ಡ್ ಕಂಪನಿ. ಹಾರ್ಗೆಟ್ ಎಂಬವನು ತನ್ನ ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆ ಸದ್ದು ಮಾರ್ದನಿಸದಂತೆ ಮೊಟ್ಟೆಯ ಟ್ರೇಗಳನ್ನು ಬಡಿದು, ಇದೇ ನನ್ನ ಸ್ಟುಡಿಯೋ ಎಂದು ಘೋಷಿಸಿದ್ದ. ಮುಂದಿನ ಕೋಣೆಯಲ್ಲಿ ಉಗಿಯ ಇಸ್ತ್ರಿ ಯಂತ್ರ ನಿಂತ ಮೇಲೆಯೇ ಹಿಂದಿನ ಕೋಣೆಯಲ್ಲಿ ಹಾಡು ಶುರು. ಅರವತ್ತೇಳರ ಗಲಭೆಯಲ್ಲಿ ಊರು ಹೊತ್ತಿ ಉರಿಯಿತಲ್ಲ, ಅದಕ್ಕೆ ಹಿಂದಿನ ಚಳಿಗಾಲ, ಲೂಷಸ್ ಅಲ್ಲಿ ಒಂದು ಹಾಡು ಹಾಡಿದ. ಹಿಂದಿನಿಂದ ದನಿ ಕೂಡಿಸಬೇಕಾಗಿದ್ದ ಹುಡುಗಿ ಕೈಕೊಟ್ಟಳು. ಅಣ್ಣ ಓಡಿ ಬಂದು ಚರ್ಚಿನ ಹೊಲಿಗೆ ಕೂಟದಲ್ಲಿದ್ದ ತಂಗಿಯನ್ನು ಸನ್ನೆ ಮಾಡಿ ಹೊರಗೆ ಕರೆದ.

"ನೆಲ್, ಬಾರೇ, ಬರೀ ‘ಊ’ ಅನ್ನೋದು, ಆಮೇಲೆ ನನ್ನ ಸಾಲನ್ನೇ ಇನ್ನೊಂದ್ಸಲ ಹೇಳೋದು. ಅಷ್ಟೇ."

"ಅಮ್ಮನಿಗೆ ಗೊತ್ತಾದ್ರೆ?"

"ಗೊತ್ತಾದ್ರೆ ಇಬ್ಬರಿಗೂ ಸೇರಿಸಿ ಬೈತಾಳೆ. ಅರ್ಧ ಅರ್ಧ ಹಂಚ್ಕೊಳ್ಳೋಣ."

ಒಂದೇ ಮೈಕಿನ ಮುಂದೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದು, ಇಸ್ತ್ರಿಯ ಉಗಿಯ ವಾಸನೆ, ಹಾಡಿನ ನಡುವೆ ಲೂಷಸ್ ಅವಳ ಕಡೆ ತಿರುಗಿ ಕಣ್ಣಲ್ಲೇ ನಕ್ಕಿದ್ದು, ಇಷ್ಟು ಅವಳಿಗೆ ನೆನಪಿತ್ತು. ಯಾಕೆ ನಕ್ಕ ಎನ್ನುವುದು ಮರೆತುಹೋಗಿತ್ತು. ಹಾರ್ಗೆಟ್ ಒಂದೇ ಒಂದು ಮಾದರಿ ಪ್ಲೇಟು ಕೊರೆದ. ಅಚ್ಚು ಹಾಕಿಸಲು ಬಂಡವಾಳ ಬಂದ ಮೇಲೆ ಕರೆಯುತ್ತೇನೆ ಎಂದ. ಬಂಡವಾಳ ಬರುವ ಮೊದಲೇ ಕಾರ್ಖಾನೆಯಲ್ಲಿ ಕ್ರೇನಿನ ಸರಪಳಿ ಹರಿದು ಲೂಷಸ್ ಸತ್ತ. ಇಪ್ಪತ್ತೊಂದು ವರ್ಷ. ಅಂಗಡಿಯನ್ನು ಆ ಬೇಸಿಗೆಯ ಗಲಭೆಯ ಬೆಂಕಿ ತಿಂದಿತು. ಹಾರ್ಗೆಟ್ ಉಳಿದ ಗಂಟುಮೂಟೆ ಕಟ್ಟಿಕೊಂಡು ಯಾವ ಕಡೆಗೋ ಹೋದ. ಹೇಗೋ ಹಾಡಿನ ವಿಷಯ ಕಿವಿಗೆ ಬಿದ್ದಿದ್ದ ಅಮ್ಮ, ಶವಪೆಟ್ಟಿಗೆಯ ಪಕ್ಕದಲ್ಲಿ ಕೂತು ಮಗಳಿಗೆ ಒಂದೇ ಮಾತು ಹೇಳಿದಳು, "ಆ ಹಾಡಿನ ಸುದ್ದಿ ಈ ಮನೇಲಿ ಇನ್ನು ಎತ್ತಬೇಡ." ವರ್ನೆಲ್ ಎತ್ತಲಿಲ್ಲ. ಅಮ್ಮ ತೀರಿಕೊಂಡ ಮೇಲೂ ಎತ್ತಲಿಲ್ಲ. ಅಷ್ಟು ವಿಧೇಯತೆ ಯಾವ ದೇವರಿಗೆ ಬೇಕಿತ್ತೋ ನಾ ಕಾಣೆ.

ಹೀಗೆ ಐವತ್ತು ವರ್ಷ ಹೋಯಿತು. ಒಂದು ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಮೀನೂಟ ನಡೆದಿತ್ತು. ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿದ ಮೀನು ಎಣ್ಣೆಯಲ್ಲಿ ಚುರ್ ಎನ್ನುತ್ತಿದ್ದಾಗ, ವರ್ನೆಲ್‌ಳ ಬಾಲ್ಯದ ಗೆಳತಿ ಐಡೆಲ್ಲಾ ಒಳಗೆ ಬಂದಳು. ನಾಲಿಗೆಗೆ ಲಗಾಮಿಲ್ಲದ ಹೆಂಗಸು.

"ಹೊರಗೊಬ್ಬ ಬಿಳಿಯ ಕೂತಿದ್ದಾನೆ ಕಣೇ. ಇಂಗ್ಲೆಂಡಿನವನಂತೆ. ಎದೆಗೆ ಒಂದು ಚೀಲ ಅವಚಿಕೊಂಡಿದ್ದಾನೆ, ತಿನ್ನುವಾಗಲೂ ಕೆಳಗಿಡಲ್ಲ. ಹಾಲು ಕುಡಿಯೋ ಕೂಸೇನಾದ್ರೂ ಒಳಗಿದೆಯಾ ಅಂದೆ. ನಗಲೂ ಇಲ್ಲ, ಪುಣ್ಯಾತ್ಮ."

"ಏನು ಬೇಕಂತೆ?"

"ಹಾರ್ಗೆಟ್ ಲಾಂಡ್ರಿ ಗೊತ್ತಿರೋ ಮುದುಕಿ ಬೇಕಂತೆ. ನಾನಂತೂ ಮುದುಕಿ ಅಲ್ಲ. ನೀನೇ ಹೋಗು."

ವರ್ನೆಲ್ ಜಾಲರಿ ಸೌಟನ್ನು ಅಲ್ಲೇ ಇಟ್ಟಳು. ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ.

ಬಂದವನು ಕೀತ್ ಹಾಲ್ರಾಯ್ಡ್, ಅರವತ್ತು ದಾಟಿದವನು, ತನ್ನ ಊರಲ್ಲಿ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ಆ ಕಾಲದ ಒಬ್ಬ ಡ್ರಮ್ಮು ಬಾರಿಸುವವನು ಅವನಿಗೆ ಸುಳಿವು ಕೊಟ್ಟಿದ್ದ, ಹಾರ್ಗೆಟ್‌ನ ಹತ್ತಿರ ಹಾಡಿದ ಹುಡುಗರಲ್ಲಿ ಅರ್ಧ ಜನ ಈ ಚರ್ಚಿನವರು ಎಂದು. ಕೀತ್‌ನ ಕಥೆ ಕೇಳಿ ವರ್ನೆಲ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನಮ್ಮ ಕಡೆ ಹಳೇ ಹತ್ತಿ ಗಿರಣಿ ಊರುಗಳು, ಮೇಡಂ. ವಾರಪೂರ್ತಿ ಗಿರಣಿ, ಶನಿವಾರ ಬೆಳಗಾಗೋ ತನಕ ಕುಣಿತ. ಅದೂ ನಿಮ್ಮೂರಿನ ಹಾಡಿಗೇ. ಇಲ್ಲಿ ಯಾರೂ ಕೊಳ್ಳದೆ ಬಿಟ್ಟದ್ದು, ಅಚ್ಚೇ ಆಗದೆ ಉಳಿದದ್ದು, ಅಂಥದಕ್ಕೇ ಅಲ್ಲಿ ಪ್ರಾಣ ಬಿಡ್ತಾರೆ."

"ಹಿತ್ತಲ ಗಿಡ ಮದ್ದಲ್ಲ ಅಂತ ನಾವು ಬಿಟ್ವಿ, ನೀವು ಕಿತ್ಕೊಂಡು ಹೋದ್ರಿ," ಎಂದಳು ವರ್ನೆಲ್. "ಸರಿ. ಅದಕ್ಕೆ ಮುದುಕಿ ಯಾಕೆ?"

ಕೀತ್ ಮುಜುಗರದಿಂದ ಚೀಲವನ್ನು ಸರಿಪಡಿಸಿಕೊಂಡ. ಕುಣಿತಕ್ಕೆ ಪ್ಲೇಟು ಹಾಕುವ ಅವರಲ್ಲೊಂದು ರೂಢಿಯಂತೆ. ಬೇರೆ ಯಾರ ಹತ್ತಿರವೂ ಇಲ್ಲದ ಪ್ಲೇಟು ಸಿಕ್ಕವನು ಹಾಡಿದವನ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ, ಬಾಯಿಗೆ ಬಂದ ಒಂದು ಸುಳ್ಳು ಹೆಸರು ಬರೆದುಬಿಡುತ್ತಾನೆ. ನಿಜವಾದ ಹೆಸರು ಹೊರಗೆ ಬಿದ್ದರೆ ಪಕ್ಕದೂರಿನವನು ಇನ್ನೊಂದು ಪ್ರತಿ ಹುಡುಕಿ ತಂದಾನು ಎಂಬ ಭಯ. ಅಲ್ಲಿ ನಲವತ್ತು ವರ್ಷ ಜನರನ್ನು ಕುಣಿಸಿ ಕೀತ್‌ನ ಕೈಗೆ ಬಂದ ಪ್ಲೇಟಿನ ಮೇಲೆ ‘ರಿಕಿ ಸ್ಯಾಫೈರ್’ ಎಂದು ಬರೆದಿತ್ತು. ಹಾಗೆ ಅಂಟಿಸಿದವನು ನಿಜ ಯಾರಿಗೂ ಹೇಳದೆ ಸತ್ತ. ಕಾಗದ ಕೀಳಲು ಹೋದರೆ ಕೆಳಗಿನ ಬರಹವೂ ಕಿತ್ತುಬರುತ್ತದೆ. ಪ್ಲೇಟಿನ ಅಂಚಿನಲ್ಲಿ ಹಾರ್ಗೆಟ್‌ನ ಹೆಸರು ಗೀಚಿದ್ದು ಬಿಟ್ಟರೆ ಬೇರೆ ಗುರುತಿಲ್ಲ.

"ಯಾರಪ್ಪ ಈ ರಿಕಿ ಸ್ಯಾಫೈರ್?"

"ಯಾರೂ ಅಲ್ಲ, ಮೇಡಂ."

"ನಲವತ್ತು ವರ್ಷ ಯಾರೂ ಅಲ್ಲದವನಿಗೆ ಕುಣಿದ್ರಾ?"

ಕೀತ್ ಮೊಬೈಲು ತೆಗೆದು, ಅದರಲ್ಲಿದ್ದ ಪ್ರತಿಯನ್ನು ಕೇಳಲು ಅವಳ ಕಿವಿಗೆ ತಂತಿ ಸಿಕ್ಕಿಸಿಕೊಟ್ಟ. ಕುಣಿತದ ಮನೆಯ ಟೇಪಿನಿಂದ ಇಳಿಸಿಕೊಂಡ ಪ್ರತಿ ಅದು.

ವರ್ನೆಲ್ ಕಣ್ಣು ಮುಚ್ಚಿದಳು. ಕರ್ತನೇ, ಅವನೇ ಆಗಿರಲಿ ಎಂದು ಬೇಡಿಕೊಂಡಳು. ಡ್ರಮ್ಮು ಬಂತು, ತುತ್ತೂರಿ ಬಂತು, ಆಮೇಲೆ ಒಂದು ದನಿ ಬಂತು. ಸಣ್ಣ ದನಿ, ಅವಸರದ ದನಿ, ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಹಾಡುವ ಹುಡುಗ. ಲೂಷಸ್‌ನ ದನಿ ಇದಾಗಲು ಸಾಧ್ಯವೇ ಇಲ್ಲ. ಅವನದು ತುಂಬಿದ ದನಿ, ಒಳಗಿನಿಂದ ಬರುತ್ತಿದ್ದದ್ದು, ದಿನವೂ ಅವಳನ್ನು ಕರೆಯುತ್ತಿದ್ದದ್ದು. ಹಾಡಿನ ಸಾಲುಗಳನ್ನು ಕೇಳಿದ ಹಾಗೆಯೂ ಇತ್ತು, ಇಲ್ಲದ ಹಾಗೆಯೂ ಇತ್ತು. ಆ ಕಾಲದ ಹಾಡುಗಳಲ್ಲಿ ಹತ್ತಕ್ಕೆ ಒಂಬತ್ತು, ಹೋಗಬೇಡ ಹುಡುಗಿ ಎಂದೇ ಬೇಡುತ್ತಿದ್ದವು. ಹಾಡು ಮುಗಿದ ಮೇಲೆ ತಂತಿ ಕಿತ್ತು ಮೇಜಿನ ಮೇಲಿಟ್ಟಳು.

"ನನಗೆ ಗೊತ್ತಿರೋನಲ್ಲ."

"ಇನ್ನೊಂದ್ಸಲ ಕೇಳ್ತೀರಾ?"

"ಬೇಡಪ್ಪ. ಹಿಂದುಗಡೆ ಒಂದು ಹುಡುಗಿ ಸೊಳ್ಳೆ ಥರ ಗುಂಯ್‌ಗುಡ್ತಾಳಲ್ಲ, ಅವಳಿಗಂತೂ ತಾಳಾನೇ ಗೊತ್ತಿಲ್ಲ. ಕೊನೇ ಚರಣಕ್ಕೆ ಮೊದಲೇ ನುಗ್ಗಿಬಿಟ್ಟಿದ್ದಾಳೆ. ನಮ್ಮ ಚರ್ಚಲ್ಲಾಗಿದ್ರೆ ಕೂರಿಸಿಬಿಡ್ತಿದ್ವಿ."

ಕೀತ್ ಕೈಮುಗಿಯದಿದ್ದರೂ ಮುಗಿದ ಹಾಗೇ ಎದ್ದ. ನದಿಯ ದಿಕ್ಕಿನ ಮೋಟೆಲ್‌ನಲ್ಲಿ ಇದ್ದೇನೆ, ಭಾನುವಾರ ಮಧ್ಯಾಹ್ನ ವಿಮಾನ, ಯಾರಾದರೂ ನೆನಪಾದರೆ ಹೇಳಿ ಎಂದು ಹೋದ. ವರ್ನೆಲ್ ಮತ್ತೆ ಬಾಣಲೆಯ ಮುಂದೆ ನಿಂತಳು. ಆ ದಿನದ ಮೀನು ಸೀದುಹೋಯಿತೆಂದು ಐಡೆಲ್ಲಾ ಇಂದಿಗೂ ಹೇಳುತ್ತಾಳೆ.

ಭಾನುವಾರ ಎಂದಿನಂತೆ ಬಾಗಿಲಲ್ಲಿ ನಿಂತಿದ್ದಳು. ಮೇಳದಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಎಲ್ಲರೂ ಉಸಿರು ತೆಗೆದುಕೊಳ್ಳುತ್ತಿರುವಾಗ ತಾನೊಬ್ಬಳೇ ಗಟ್ಟಿಯಾಗಿ ಮುಂದಿನ ಸಾಲಿಗೆ ನುಗ್ಗಿಬಿಟ್ಟಳು. ಚರ್ಚಿಗೆ ಚರ್ಚೇ ಕಿಸಕ್ಕೆಂದಿತು. ಮೇಳ ನಡೆಸುವವನು ಬೈಯಲಿಲ್ಲ, ಅವಳತ್ತ ನೋಡಿ ಕಣ್ಣಲ್ಲೇ ನಕ್ಕ.

ವರ್ನೆಲ್‌ಳ ನೆನಪಿನಲ್ಲಿ ಐವತ್ತು ವರ್ಷದಿಂದ ಕಾರಣವಿಲ್ಲದೆ ನಿಂತಿದ್ದ ಆ ಇನ್ನೊಂದು ನಗುವಿಗೆ ಕಾರಣ ಸಿಕ್ಕಿತು. ಆ ದಿನ ಲೂಷಸ್ ನಕ್ಕದ್ದು ವರ್ನೆಲ್ ಮೊದಲೇ ನುಗ್ಗಿದ್ದಕ್ಕೆ. ಟೇಪು ದುಬಾರಿ, ಹೋಗಲಿ ಬಿಡಿ ಎಂದು ಹಾರ್ಗೆಟ್ ಗಾಜಿನ ಆಚೆಯಿಂದ ಕೈಯಾಡಿಸಿದ್ದೂ ನೆನಪಾಯಿತು. ಶುಕ್ರವಾರ ಅವಳು ಹಂಗಿಸಿದ ಸೊಳ್ಳೆ ಅವಳೇ. ಹಾಗಾದರೆ ಪಕ್ಕದಲ್ಲಿ ಹಾಡುತ್ತಿದ್ದವನು? ಒಡಹುಟ್ಟಿದವನನ್ನು ಯಾರೋ ಅಂದುಬಿಟ್ಟಿದ್ದಳು.

ಬಾಗಿಲ ಸೇವೆಗೆ ನಿಂತವರು ಬದಲಿಯವರು ಬರದೆ ಜಾಗ ಬಿಡುವ ಹಾಗಿಲ್ಲ. ವರ್ನೆಲ್ ಬಿಟ್ಟಳು. ನಡುವಿನ ಸಾಲಿನಲ್ಲಿ ನೇರ ನಡೆದು ಐಡೆಲ್ಲಾಳ ತೋಳು ಹಿಡಿದು ಎಬ್ಬಿಸಿದಳು.

"ಕಾರಿನ ಕೀಲಿ ತಗೋ."

"ಪಾದ್ರಿ ಇನ್ನೂ ಬಾಯೇ ತೆರೆದಿಲ್ಲ ಕಣೇ. ಯಾರಿಗೇನಾಯ್ತು?"

"ಲೂಷಸ್‌ಗೆ."

ಐಡೆಲ್ಲಾ ಕೀಲಿ ಹುಡುಕುತ್ತಲೇ ಬಾಗಿಲ ಕಡೆ ನಡೆದಳು.

ದಾರಿಯಲ್ಲಿ ವರ್ನೆಲ್ ಎಲ್ಲವನ್ನೂ ಹೇಳಿದಳು. ಹೊಲಿಗೆ ಕೂಟದಿಂದ ಓಡಿಹೋಗಿದ್ದು, ಅಮ್ಮನ ಮಾತು, ಕಿವಿಯೊಳಗಿನ ಕರೆ. ಐಡೆಲ್ಲಾ ಕಣ್ಣೊರೆಸಿಕೊಳ್ಳುತ್ತ ಕಾರು ಓಡಿಸಿ ಎರಡು ಸಲ ಕೆಂಪು ದೀಪ ದಾಟಿದಳು. ಅವರು ಮೋಟೆಲ್ ತಲುಪಿದಾಗ ಕೀತ್ ಬಾಡಿಗೆ ಕಾರಿನ ಡಿಕ್ಕಿಗೆ ಪೆಟ್ಟಿಗೆ ತುಂಬುತ್ತಿದ್ದ. ಚೀಲ ಮಾತ್ರ ಎದೆಯ ಮೇಲೇ ಇತ್ತು. ಬಿಳಿ ಉಡುಪಿನ ಹೆಂಗಸು ಕೈಗವಸಿನಲ್ಲೇ ಅದರತ್ತ ಬೆರಳು ತೋರಿಸಿದಳು.

"ಅದರಲ್ಲಿರೋದು ಆ ಪ್ಲೇಟೇ ತಾನೆ? ಅದರ ಮೇಲಿರೋ ಹುಡುಗಿ ನಾನು. ಹಾಡ್ತಿರೋನು ನನ್ನ ಅಣ್ಣ. ಆದ್ರೆ ನೀನು ಹಾಕಿದ್ದು ತಪ್ಪು. ನಾವು ಹಾಡಿದ್ದು ನಿಧಾನಕ್ಕೆ, ನಮ್ಮನ್ನ ಓಡಿಸಿಬಿಟ್ಟಿದ್ದೀಯ."

ಕೀತ್ ಬಿಳಿಚಿಕೊಂಡ. "ನಮ್ಮಲ್ಲಿ ಕುಣಿಯೋರಿಗೆ ಅಂತ ಸ್ವಲ್ಪ ಜೋರಾಗಿ ತಿರುಗಿಸಿಯೇ ಹಾಕೋದು. ಯಾವಾಗಲೂ ಹಾಗೇ ಕೇಳಿರೋದು, ಅಮ್ಮ. ಅದೇ ಅದರ ವೇಗ ಅಂದ್ಕೊಂಡಿದ್ವಿ."

"ನಿಮ್ಮೂರಲ್ಲಿ ಹುಟ್ಟಿದ್ದಲ್ಲವಲ್ಲಪ್ಪ ಅದು."

ಡಿಕ್ಕಿಯೊಳಗೇ ಒಂದು ಪುಟ್ಟ ಪ್ಲೇಯರ್ ಇತ್ತು. ಕೀತ್ ಅದನ್ನು ಸಮವಾಗಿ ಕೂರಿಸಿ, ಚೀಲದಿಂದ ಪದರ ಪದರ ಬಟ್ಟೆ ಬಿಚ್ಚಿ, ಕಪ್ಪು ಪ್ಲೇಟನ್ನು ಎರಡೂ ಅಂಗೈಯಲ್ಲಿ ಎತ್ತಿಟ್ಟ. ಪಕ್ಕದ ವೇಗದ ಗುಂಡಿಯನ್ನು ಕೆಳಗೆ ಸರಿಸಿದ. ಸೂಜಿ ಇಳಿಯಿತು. ಹಿಂದಿನ ರಸ್ತೆಯ ಲಾರಿಗಳ ಸದ್ದಿನ ನಡುವೆ ಡ್ರಮ್ಮು ನಿಧಾನವಾಗಿ, ನಡೆಯುವವರ ಹೆಜ್ಜೆಯಲ್ಲಿ ಬಂತು.

‘ಊ’ ಎಂದ ಹುಡುಗಿಯನ್ನು ವರ್ನೆಲ್ ತಕ್ಷಣ ಹಿಡಿದಳು. ಹದಿನೇಳು ವಯಸ್ಸಿನ ತನ್ನದೇ ಗಂಟಲು, ಭಯ, ಗರ್ವ, ಎಲ್ಲ ಅಲ್ಲಿತ್ತು. ಆಮೇಲೆ ಅಣ್ಣ ಬರಲಿ ಎಂದು ಕಾದಳು. ಒಬ್ಬ ಹುಡುಗ ಹಾಡುತ್ತಿದ್ದ. ಚೆನ್ನಾಗಿ ಹಾಡುತ್ತಿದ್ದ, ಐಡೆಲ್ಲಾ ಬಾಯಿಗೆ ಸೆರಗಿನಂತೆ ಕರವಸ್ತ್ರ ಒತ್ತಿಕೊಂಡಿದ್ದಳು. ಆದರೆ ವರ್ನೆಲ್‌ಗೆ ಅವನು ಹೊಸಬ. ಅವಳು ಕಾದುಕೊಂಡಿದ್ದ ದನಿ ಇದಲ್ಲ. ಅದು ಇನ್ನೂ ಗಡಸು, ಇನ್ನೂ ವಯಸ್ಸಾದದ್ದು. ಅಪ್ಪನದಿರಬಹುದು, ರಾಸ್ಕೋನದಿರಬಹುದು, ಇಬ್ಬರದೂ ಸೇರಿ ಅವಳೇ ಹೊಲಿದುಕೊಂಡದ್ದಿರಬಹುದು. ಇಷ್ಟು ವರ್ಷ ‘ನೆಲ್’ ಎಂದು ಕರೆಯುತ್ತಿದ್ದವನು ಲೂಷಸ್ ಆಗಿರಲಿಲ್ಲ. ಲೂಷಸ್ ಇಲ್ಲಿ ಹಾಡುತ್ತಿದ್ದ, ಮತ್ತು ಅವನು ಯಾರೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅವನನ್ನು ಹೂತ ದಿನ ಬಿಟ್ಟರೆ ಅಷ್ಟು ದುಃಖ ಅವಳಿಗೆ ಆಗಿರಲಿಲ್ಲ.

ಸೂಜಿ ನಿಂತಿತು.

"ಇವರೇನಾ ನಿಮ್ಮ ಅಣ್ಣ?"

"ಹೌದು."

"ಖಂಡಿತಾನಾ, ಅಮ್ಮ? ನಾನು ಊರಲ್ಲಿ ಹೋಗಿ ಹೇಳಬೇಕು."

"ಪಕ್ಕದಲ್ಲೇ ನಿಂತಿದ್ದೆನಲ್ಲಪ್ಪ. ಲೂಷಸ್ ಗೇದರ್ಸ್. ಹಾಗೇ ಹೇಳು. ಕುಣಿಯೋಕೆ ಮುಂಚೆ ಎಲ್ಲರಿಗೂ ಕೇಳೋ ಹಾಗೆ ಹೇಳು, ಆಮೇಲೆ ಬೇಕಾದ್ರೆ ಕುಣೀರಿ."

ಕೀತ್ ಜೇಬಿನಿಂದ ಪೆನ್ನು ತೆಗೆದ. ಅಂಟಿಸಿದ ಬಿಳಿ ಕಾಗದದ ಮೇಲೆ ರಿಕಿ ಸ್ಯಾಫೈರನನ್ನು ಹೊಡೆದುಹಾಕಿ, ಅವಳು ಒಂದೊಂದೇ ಅಕ್ಷರ ಹೇಳಿದ ಹಾಗೆ ಆ ಹೆಸರು ಬರೆದ. ಅವನ ಊರಿನ ರೂಢಿಗೆ ಇದು ಮಹಾಪಾಪ. ಪುಣ್ಯಾತ್ಮ, ಮಾಡಿದ.

"ಇನ್ನೊಂದ್ಸಲ ಹಾಕು."

ಹಾಕಿದ. ಹಾಡು ಮುಗಿಯುವವರೆಗೂ ಅವಳು ಡಿಕ್ಕಿಯ ಅಂಚು ಹಿಡಿದು ಬಗ್ಗಿ ನಿಂತಿದ್ದಳು, ಕೊನೆಯ ಚರಣಕ್ಕೆ ಹುಡುಗಿ ಮೊದಲೇ ನುಗ್ಗಿದಾಗ ತಲೆಯಾಡಿಸಿದಳು.

"ಇನ್ನೊಂದ್ಸಲ."

"ಅಮ್ಮ," ಕೀತ್‌ನ ದನಿ ಇಳಿದಿತ್ತು, "ಇದು ಅಂಗಡಿ ಪ್ಲೇಟಲ್ಲ, ಮೆತ್ತನೆ ಪದರ. ಸೂಜಿ ಹೋದ ಹಾಗೆಲ್ಲ ಸ್ವಲ್ಪ ಸ್ವಲ್ಪ ಕೆರೆದುಕೊಂಡು ಹೋಗುತ್ತೆ. ಈಗಾಗಲೇ ತುಂಬ ಸವೆದಿದೆ. ಊರಿಗೆ ಹೋಗಿ ಸರಿಯಾದ ವೇಗದಲ್ಲಿ ಕಾಪಿ ಮಾಡಿ ಕಳಿಸ್ತೀನಿ, ನನ್ನಾಣೆ."

"ಕಳಿಸು. ಆದ್ರೆ ಈಗ ಹಾಕು." ವರ್ನೆಲ್ ಕೈಗವಸು ಕಳಚಿ ಕಣ್ಣೊರೆಸಿಕೊಂಡಳು. "ಆ ಹುಡುಗಿ ಯಾರು ಅಂತ ಕೇಳಿದ ತಕ್ಷಣ ಗೊತ್ತಾಯ್ತು. ಅವನ ಪರಿಚಯ ನನಗಿನ್ನೂ ಆಗಿಲ್ಲ."